ಹುಲ್ಲು ಮೇಷ್ಟ್ರ ಬೆಂಕಿಪೊಟ್ಟಣಗಳು

ರಾಗಿಯ ಸದ್ದು ಬೇರೆ, ಹುರುಳಿಯ ಸದ್ದು ಬೇರೆ. ಬೆಂಕಿಪೊಟ್ಟಣದಲ್ಲಿ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ರಾಗಿ ಸರಸರ ಜಾರುತ್ತದೆ, ಹುರುಳಿ ಕಟಕಟ ಅನ್ನುತ್ತದೆ. ಎಳ್ಳು ಒಳಗಿದೆಯೋ ಇಲ್ಲವೋ ಎನ್ನುವಷ್ಟು ಮೆತ್ತಗೆ. ಅವರೆಕಾಳು ಒಂದು ಪೊಟ್ಟಣಕ್ಕೆ ಏಳೆಂಟೇ ಹಿಡಿಸುವುದು. ಯಾರೋ ಅನುಮಾನದಿಂದ ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತದೆ. ಇಂಥ ಮೂವತ್ತು ನಲವತ್ತು ಪೊಟ್ಟಣ ಒಂದೇ ಖಾಕಿ ಚೀಲದಲ್ಲಿ, ಒಬ್ಬ ಎತ್ತರದ ಮನುಷ್ಯನ ಹೆಗಲಲ್ಲಿ, ಅವರು ಮೆಟ್ಟಿಲು ಹತ್ತುವಾಗ ಒಟ್ಟಿಗೆ ಅಲ್ಲಾಡುತ್ತಿದ್ದವು. ನಾನು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಪೆನ್ಸಿಲ್ ಕೆಳಗಿಟ್ಟು, ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ನನಗಾಗ ಇಪ್ಪತ್ತಮೂರು ವರ್ಷ.

ಹೋದ ತಿಂಗಳು ಅವರ ಮಗಳು ಫೋನ್ ಮಾಡಿ, "ಅಪ್ಪ ಹೋದ್ರು ಆಂಟಿ, ನಿದ್ದೇಲೇ," ಅಂದಳು. ಫೋನ್ ಇಟ್ಟ ಮೇಲೆ ನಾನು ಅಡಿಗೆಮನೆಗೆ ಹೋಗಿ, ಬೆಂಕಿಪೊಟ್ಟಣದ ಕಡ್ಡಿಗಳನ್ನೆಲ್ಲ ಸುರಿದು, ಒಂದು ಚಿಟಿಕೆ ರಾಗಿ ಹಾಕಿ ಅಲ್ಲಾಡಿಸಿ ನೋಡಿದೆ. ಸಿಲ್ಲಿ, ಗೊತ್ತು. ಆದರೆ ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರು ಅಚ್ಚಾಗಬೇಕಾಗಿದ್ದ ಜಾಗ ಒಂದೇ ಒಂದಿತ್ತು, ಅಲ್ಲಿ ಆಗಲಿಲ್ಲ. ಅದಕ್ಕೆ ಕಾರಣಳಾದವಳು ಈಗ ಇಲ್ಲಿ ಅಚ್ಚು ಹಾಕಿಸಿ ಸರಿಮಾಡಿದೆ ಅಂದುಕೊಳ್ಳುವುದು ಚೆನ್ನಾಗಿರುವುದಿಲ್ಲ. ಎಲ್ಲರೂ ಅವರನ್ನು ಹುಲ್ಲು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅಷ್ಟು ಸಾಕು.

ಪಾಂಡವಪುರದಾಚೆ ಒಂದು ಬಂಡೆಗುಡ್ಡದ ಬುಡದಲ್ಲಿ ಆಗ ಅಗೆತ ನಡೆಯುತ್ತಿತ್ತು. ಕಲ್ಲಿನ ಕೊಡಲಿಯ ಕಾಲದ ಜನ ಅಲ್ಲಿ ಗುಡಿಸಲು ಕಟ್ಟಿಕೊಂಡಿದ್ದರಂತೆ. ಪಕ್ಕದ ಹಳೆಯ ಸ್ಕೂಲ್ ಕಟ್ಟಡವೇ ನಮ್ಮ ಕ್ಯಾಂಪು. ಡೈರೆಕ್ಟರಿಗೆ ಬೇಕಾಗಿದ್ದು ಮಡಕೆ, ಕೊಡಲಿ, ಸಮಾಧಿ, ಫೋಟೋಗೆ ನಿಲ್ಲುವಂಥವು. ಬೂದಿ ಯಾರಿಗೂ ಬೇಡವಾಗಿತ್ತು. ಒಲೆಯಿದ್ದ ಜಾಗದ ಬೂದಿಮಣ್ಣನ್ನು ಕೂಲಿಯವರು ಬುಟ್ಟಿಯಲ್ಲಿ ತುಂಬಿ ಹೊರಗೆ ಸುರಿಯುತ್ತಿದ್ದರು. ಕೆ.ಆರ್. ಪೇಟೆ ಕಡೆಯ ಹೈಸ್ಕೂಲಿನಿಂದ ಎರವಲು ಸೇವೆಯ ಮೇಲೆ ಬಂದಿದ್ದ ಈ ಸೈನ್ಸ್ ಮೇಷ್ಟ್ರು ಆ ಬುಟ್ಟಿಗಳನ್ನು ತಡೆದು ನಿಲ್ಲಿಸಿದರು. ನಾಲೆಯಿಂದ ನೀರು ಹೊರಿಸಿ, ಒಂದು ಡ್ರಮ್ಮಿಗೆ ತುಂಬಿಸಿ, ಬೂದಿಮಣ್ಣನ್ನು ಅದರಲ್ಲಿ ಸುರಿದು ಕೈಯಿಂದ ಮೆಲ್ಲಗೆ ಕದಡುತ್ತಿದ್ದರು. ಮಣ್ಣು ತಳಕ್ಕೆ, ಸುಟ್ಟು ಕರಿಕಾದ ಕಾಳು ಮೇಲಕ್ಕೆ. ತೇಲಿದ್ದನ್ನು ತೆಳು ಮಲ್ ಬಟ್ಟೆಯಲ್ಲಿ ಸೋಸಿ ನೆರಳಿನಲ್ಲಿ ಒಣಗಿಸಿದರೆ ಸಾವಿರಾರು ವರ್ಷದ ಹಿಂದಿನ ಊಟ.

"ಲೇ, ಮೇಷ್ಟ್ರು ಬೂದಿ ತೊಳೀತಾವ್ರೆ ಕಣ್ಲಾ," ಅಂತ ಕೂಲಿಯವರು ನಗುತ್ತಿದ್ದರು. "ತೊಳುದ್ರೆ ಬಂಗಾರ ಸಿಕ್ತದೇನ್ಲಾ?"

"ಬಂಗಾರ ಉಣ್ಣಕ್ಕಾದದೇನ್ಲಾ?" ಮೇಷ್ಟ್ರು ಡ್ರಮ್ಮಿನಿಂದ ತಲೆ ಎತ್ತುತ್ತಿರಲಿಲ್ಲ. "ನಿಮ್ಮಜ್ಜಿಯರಜ್ಜಿ ಏನ್ ಉಂಡವ್ಳೆ ಅಂತ ನೋಡ್ತಾ ಇವ್ನಿ. ಇನ್ನೆರಡು ಕೊಡ ನೀರು ತಕಂಬಾ, ಓಗು."

ನನ್ನದು ಆ ಕಾಳುಗಳ ಚಿತ್ರ ಬರೆಯುವ ಕೆಲಸ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಬಾಟನಿಯಲ್ಲಿ ಬಿಎಸ್‌ಸಿ ಮಾಡಿ, ಶ್ರೀರಂಗಪಟ್ಟಣದ ತಂದೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಸಿಸ್ಟರುಗಳು ನನಗೆ ಕಲಿಸಿದ್ದು ಎರಡು: ನೆಟ್ಟಗೆ ಕೂರುವುದು, ಎಲ್ಲವನ್ನೂ ನೀಟಾಗಿಡುವುದು. ಇಡೀ ಕ್ಯಾಂಪಿಗೆ ನಾನು ಮಿಸ್ಸಮ್ಮ.

ಮೇಷ್ಟ್ರಿಗೆ ಆಗ ನಲವತ್ತರ ಹತ್ತಿರ. ಬಿಳಿ ಷರಟು, ಜೇಬಿನಲ್ಲಿ ಒಂದು ಲೆನ್ಸು, ಪಂಚೆ ಯಾವಾಗಲೂ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದು. ಕೆಳಗೆ ಬರಿಯ ಕಾಲು, ಬಡಕಲು, ಮುಳ್ಳು ಗೀರಿದ ಗುರುತು ತುಂಬಿದ್ದು. ನಡೆಯುವಾಗ ಕಣ್ಣು ಸದಾ ನೆಲದಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಯಾರದಾದರೂ ಮೂಟೆಯಿಂದ ಕಾಳು ಉದುರಿದ್ದರೆ ಕೂತುಬಿಡುತ್ತಿದ್ದರು. ಮದುವೆಮನೆಗೆ ಹೋದರೆ ಊಟಕ್ಕಿಂತ ಮುಂಚೆ ಹಿತ್ತಲಿಗೆ ಹೋಗಿ, ಹೆಂಗಸರು ಕೇರಿ ಎಸೆದ ಹೊಟ್ಟನ್ನು ಕೆದಕುತ್ತಿದ್ದರು. ಅವರ ಹೆಂಡತಿ ಒಮ್ಮೆ ನನಗೇ ಹೇಳಿದ್ದರು: "ನನ್ ನೋಡಕ್ಕೆ ಅಂತ ಬಂದಾಗ್ಲೂ ಇವ್ರು ನನ್ ಮಕ ನೋಡ್ನಿಲ್ಲ ಕಣ್ರವ್ವ. ನನ್ ಮೊರದಾಗಿರೋ ಕಳೆಬೀಜ ನೋಡ್ಕಂಡು ಒಪ್ಕಂಬುಟ್ರು."

ಬೆಂಕಿಪೊಟ್ಟಣಗಳ ಕಥೆ ಇದು. ಸುಟ್ಟ ಕಾಳು ಯಾವುದೆಂದು ಹೇಳಬೇಕಾದರೆ, ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ ಈಗಿನ ಕಾಳು ಬೇಕು. ಅದಕ್ಕೆ ಅವರು ಹತ್ತು ಹನ್ನೆರಡು ವರ್ಷದಿಂದ ನಾಲ್ಕು ತಾಲ್ಲೂಕಿನ ಬೀಜ ಕೂಡಿಸಿಟ್ಟಿದ್ದರು. ಬೆಳೆ, ಕಳೆ, ಬೇಲಿಯ ಬಳ್ಳಿ, ಕೆರೆಯಂಗಳದ ಹುಲ್ಲು, ಒಂದನ್ನೂ ಬಿಟ್ಟಿರಲಿಲ್ಲ. ಸ್ಕೂಲ್ ಹುಡುಗಿಯರು ತಂದುಕೊಡುತ್ತಿದ್ದರು. ಬಸ್ ಕಂಡಕ್ಟರುಗಳು ಕಿಟಕಿಯಿಂದಲೇ ಚಾಚುತ್ತಿದ್ದರು: "ತಕಳಿ ಮೇಷ್ಟ್ರೇ, ನಾಗಮಂಗಲದ ಕಡೆ ಯಾವ್ದೋ ಅಜ್ಜಿ ಕೊಡ್ತು. ಒಳ್ಳೆ ಬೀಡಿ ಅಂತ ಬಿಚ್ಬುಟ್ಟಿದ್ದೆ!" ಪೊಟ್ಟಣದ ಮೇಲೆ ಮೇಷ್ಟ್ರು ಗುಂಡನೆಯ ಅಕ್ಷರದಲ್ಲಿ ಊರು, ಕೊಟ್ಟವರು, ಅವರು ಕರೆಯುವ ಹೆಸರು, ಯಾವ ನೆಲ ಎಂದು ಬರೆಯುತ್ತಿದ್ದರು. ಸುಮಾರು ಆರುನೂರು ಪೊಟ್ಟಣ, ಮೂರು ಟ್ರಂಕಿನಲ್ಲಿ.

ತಂಗಿಯ ಮದುವೆಗೆಂದು ಮೇಷ್ಟ್ರು ಒಂದು ವಾರ ರಜ ಹಾಕಿದಾಗ ನಾನು ಆ ಟ್ರಂಕುಗಳನ್ನು ತೆರೆದೆ.

ಒಳ್ಳೆಯದನ್ನೇ ಮಾಡಬೇಕೆಂದಿದ್ದೆ, ಟ್ರಸ್ಟ್ ಮಿ. ಪೊಟ್ಟಣಗಳಿಗೆ ಹೊಗೆ ಹಿಡಿದಿತ್ತು, ಕೆಲವಕ್ಕೆ ಹುಳ ಬಿದ್ದಿತ್ತು. ಡೈರೆಕ್ಟರು ತರಿಸಿದ್ದ ಹೊಸ ಗಾಜಿನ ಸೀಸೆಗಳು ಬೀರುವಿನಲ್ಲಿ ಸಾಲಾಗಿ ಹೊಳೆಯುತ್ತಿದ್ದವು. ಆರು ದಿನ ಕೂತು ಒಂದೊಂದೇ ಪೊಟ್ಟಣದ ಬೀಜವನ್ನು ಸೀಸೆಗೆ ಹಾಕಿದೆ. ಹುಳ ಸಾಯಲೆಂದು ಎಲ್ಲವನ್ನೂ ಲ್ಯಾಬಿನ ಓವನ್ನಿನಲ್ಲಿ ಬಿಸಿ ಮಾಡಿದೆ. ಚೆಂದದ ಇಂಗ್ಲಿಷ್ ಅಕ್ಷರದಲ್ಲಿ ಲ್ಯಾಟಿನ್ ಹೆಸರಿನ ಲೇಬಲ್ ಅಂಟಿಸಿದೆ. ಹೆಸರು ಗೊತ್ತಿಲ್ಲದ್ದಕ್ಕೆ 'ಅನ್‌ನೋನ್' ಎಂದು ಬರೆದು ನಂಬರ್ ಕೊಟ್ಟೆ. ಪೊಟ್ಟಣಗಳನ್ನೆಲ್ಲ ಅಡಿಗೆಯವಳಿಗೆ ಕೊಟ್ಟುಬಿಟ್ಟೆ. ಅವಳು ಎರಡು ದಿನ ಅವುಗಳಿಂದಲೇ ಒಲೆ ಹೊತ್ತಿಸಿದಳು. ಐ ವಾಸ್ ಸೋ ಪ್ರೌಡ್!

ಮೇಷ್ಟ್ರು ಬಂದರು. ಬೀರುವಿನ ಮುಂದೆ ನಿಂತರು. ಒಂದು ಸೀಸೆ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು.

"ಬೋ ಚೆನ್ನಾಗದೆ ಮಿಸ್ಸಮ್ಮ," ಅಂದರು. "ಪೊಟ್ಟಣ ಎಲ್ಲಿ ಮಡಗಿದ್ರಿ?"

ನಾನು ಹೇಳಿದೆ. ಅವರು ಸೀಸೆಯನ್ನು ಇದ್ದ ಜಾಗದಲ್ಲೇ ಇಟ್ಟು, ಹೊರಗೆ ಹೋಗಿ, ಡ್ರಮ್ಮಿನ ನೀರಿನಲ್ಲಿ ಮುಖ ತೊಳೆದುಕೊಂಡರು. ಅಷ್ಟೇ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಎಷ್ಟು ದೊಡ್ಡ ತಪ್ಪೆಂದು ನನಗೆ ತಿಳಿದದ್ದು ಒಂದು ತಿಂಗಳ ಮೇಲೆ. ಅಗೆತದ ಪ್ರತಿಯೊಂದು ಒಲೆಯ ಬೂದಿಯಲ್ಲೂ ಒಂದು ಪುಟ್ಟ ಕಾಳು ಬರುತ್ತಿತ್ತು. ಹುರುಳಿಗಿಂತ ಹೆಚ್ಚು, ಹೆಸರುಕಾಳಿಗಿಂತ ಹೆಚ್ಚು. ಬೆನ್ನಿನ ಮೇಲೆ ಅಲೆಅಲೆಯ ಗೆರೆ, ಗಾಳಿಗೆ ಕೆರೆಯ ನೀರು ಸುಕ್ಕಾದ ಹಾಗೆ. ಆ ಜನರ ಮುಖ್ಯ ಊಟವೇ ಅದು. ಆದರೆ ರಾಗಿಯಲ್ಲ, ಸಾಮೆಯಲ್ಲ, ನವಣೆಯೂ ಅಲ್ಲ. ಅದು ಯಾವುದೆಂದು ಹೇಳದೆ, ಅಗೆತದ ರಿಪೋರ್ಟಿಗೆ ಮೇಷ್ಟ್ರು ಬರೆಯಬೇಕಾಗಿದ್ದ ಅಧ್ಯಾಯಕ್ಕೆ ಅರ್ಥವಿರಲಿಲ್ಲ. ಒಂದು ಮಧ್ಯಾಹ್ನ ನನ್ನದೇ ಸೀಸೆಗಳನ್ನು ಸಾಲಾಗಿ ನೋಡುತ್ತಿದ್ದಾಗ ನಲವತ್ತೊಂದನೆಯದರಲ್ಲಿ ಅದೇ ಗೆರೆ ಕಾಣಿಸಿತು. ಅದೇ ಕಾಳು, ಸುಡದೆ ಇದ್ದದ್ದು, ಯಾರೋ ಕುಟ್ಟಿ ಸಿಪ್ಪೆ ತೆಗೆದು ಚೊಕ್ಕ ಮಾಡಿ ಕೊಟ್ಟದ್ದು. ಲೇಬಲಿನ ಮೇಲೆ ನನ್ನ ಚೆಂದದ ಅಕ್ಷರ: ಅನ್‌ನೋನ್, ಫಾರ್ಟಿ ಒನ್.

ಯಾವ ಊರು? ಯಾರು ಕೊಟ್ಟದ್ದು? ಅವರು ಏನೆಂದು ಕರೆಯುತ್ತಾರೆ? ಆ ಪೊಟ್ಟಣ ಒಲೆಗೆ ಹೋಗಿತ್ತು. ಆರುನೂರರಲ್ಲಿ ಅದೊಂದನ್ನು ಮೇಷ್ಟ್ರು ಹೇಗೆ ನೆನಪಿಟ್ಟುಕೊಂಡಾರು? ಹತ್ತು ಕಾಳು ಕುಂಡದಲ್ಲಿ ಬಿತ್ತಿದರು. ಒಂದೂ ಮೊಳೆಯಲಿಲ್ಲ. "ಬೆಂದೋಗವೆ," ಅಂದರು ಮೆಲ್ಲಗೆ, ಯಾರನ್ನೂ ಬೈಯದ ದನಿಯಲ್ಲಿ.

ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಅವರು ಎರಡು ಮೆಟ್ಟಿಲು ಕೆಳಗೆ, ನನ್ನ ಕಡೆ ಬೆನ್ನು ಹಾಕಿ ಕೂತರು.

"ಸುಟ್ಟಿದ್ದು ಮಾತ್ರ ಉಳೀತದೆ ಮಿಸ್ಸಮ್ಮ, ನೋಡಿದ್ರಾ? ಅಚ್ಚುಕಟ್ಟಾಗಿ ಅಡಿಗೆ ಮಾಡಿದೋಳು ನಮ್ಗೆ ಏನೂ ಬುಟ್ಟಿಲ್ಲ. ಯಾವಳೋ ಮಾತಾಡ್ತಾ ಕುಂತು ಮಡಕೆ ಸೀಯಿಸ್ಕಂಡ್ಳಲ್ಲ, ಅತ್ತೆ ತಾವ ಬೈಸ್ಕಂಡ್ಳಲ್ಲ, ಅವ್ಳು ಕೊಟ್ಟಿರೋದೇ ಇವೆಲ್ಲ. ಅಳಬ್ಯಾಡಿ. ನಾಗಮಂಗಲದ ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ಕಂಬನ್ನಿ."

ಹಾಗೆ ಶುರುವಾಯಿತು ಶನಿವಾರಗಳ ತಿರುಗಾಟ. ಎರಡು ವರ್ಷ. ಸೀಸೆ ಅವರ ಜೇಬಿನಲ್ಲಿ, ಊಟದ ಡಬ್ಬಿ ನನ್ನ ಕೈಯಲ್ಲಿ. ಡಬ್ಬಿಯಲ್ಲಿ ಅವರ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನನಗೂ ಸೇರಿಸಿಯೇ ಕಟ್ಟುತ್ತಿದ್ದರು ಆ ಪುಣ್ಯಾತ್ಗಿತ್ತಿ. ಕಿರಂಗೂರಿನಿಂದ ಹಿಡಿದು ನಾಗಮಂಗಲದಾಚೆಯ ಕಲ್ಲುಭೂಮಿಯವರೆಗೆ ಯಾವ ಊರನ್ನು ಬಿಟ್ಟೆವೋ ನೆನಪಿಲ್ಲ. ಊರಿಗೆ ಹೋಗುವುದು, ಜಗಲಿಯ ಮೇಲೆ ಕಾಳು ಕೇರುತ್ತ ಕೂತ ಹೆಂಗಸರ ಮುಂದೆ ನಿಲ್ಲುವುದು, ಸೀಸೆ ತೋರಿಸುವುದು.

"ಸಾಮೆ ಕಣಪ್ಪ."

"ಸಾಮೆಯಲ್ಲವ್ವ, ಸರ್ಯಾಗಿ ನೋಡು."

"ಅಂಗಾರೆ ಇಲಿ ಇಕ್ಕೆ!"

ಎಲ್ಲರೂ ನಗುವರು. ಮೇಷ್ಟ್ರೂ ನಗುವರು. ಒಬ್ಬಾಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಈವಮ್ಮ ಯಾರು, ನರ್ಸಮ್ಮನಾ? ಆಪ್ರೇಸನ್ ಮಾಡ್ಸಕ್ಕೆ ಬಂದ್ರಾ? ನಾ ಬರಕಿಲ್ಲ ಕಣವ್ವೋ!" ಅಂತ ಮೊರ ಬಿಟ್ಟು ಒಳಗೆ ಓಡಿದ್ದಳು.

ನಾನು ಕಲಿತದ್ದೆಲ್ಲ ಆ ಜಗಲಿಗಳಲ್ಲಿ. ಮೊರದ ಒಂದು ಕುಲುಕಿಗೆ ಹೊಟ್ಟು ಮುಂದಕ್ಕೆ ಹಾರುತ್ತದೆ, ಇನ್ನೊಂದಕ್ಕೆ ಕಲ್ಲು ಹಿಂದೆ ನಿಲ್ಲುತ್ತದೆ, ಕಾಳಿನಷ್ಟೇ ದಪ್ಪದ ಕಳೆಬೀಜ ಮಾತ್ರ ಕಾಳಿನ ಜೊತೆಗೇ ಉಳಿಯುತ್ತದೆ. ಅದನ್ನು ಕೈಯಿಂದ ಆರಿಸಿ ಒಲೆಗೆ ಎಸೆಯುತ್ತಾರೆ. ಬೂದಿಯಲ್ಲಿ ನಮಗೆ ಸಿಗುವುದು ಎಷ್ಟೋ ಸಲ ಆ ಎಸೆದದ್ದು. ಮೇಷ್ಟ್ರು ಮೊರವನ್ನು ಕೇಳಿ ಇಸಿದುಕೊಂಡು ತಾವೇ ಕೇರಿ, ಕಣ್ಣಿಗೆಲ್ಲ ಹೊಟ್ಟು ತುಂಬಿಕೊಳ್ಳುತ್ತಿದ್ದರು. ಕಾಲೇಜಿನಲ್ಲಿ ನನಗೆ ಯಾವ ಪ್ರೊಫೆಸರೂ ಹೆಂಗಸರ ಮುಂದೆ ಕೂತು ಪಾಠ ಹೇಳಿಸಿಕೊಂಡದ್ದು ಕಂಡಿರಲಿಲ್ಲ.

ಹಿಂದಿರುಗುವಾಗ ತೊಣ್ಣೂರಿನ ಕೆರೆ ಏರಿಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ನಡುವೆ ಖಾಕಿ ಚೀಲ. ಅವರು ನೀರಿನ ಕಡೆ ತಿರುಗಿ ತಿನ್ನುವರು. ಹೆಣ್ಣುಮಗಳ ಜೊತೆ ನಡೆಯುವಾಗ ಹತ್ತು ಹೆಜ್ಜೆ ಮುಂದೆ, ಕೂತಾಗ ಬೇರೆ ಕಡೆ ಮುಖ. ಅದು ಅವರ ರೀತಿ. ನಾನು ಆ ಹೊತ್ತಿನಲ್ಲಿ ಸೀರೆಯ ಅಂಚಿಗೆ ಅಂಟಿದ ಹುಲ್ಲಿನ ತೆನೆಗಳನ್ನು ಕಿತ್ತು ಕೆರೆಗೆ ಎಸೆಯುತ್ತಿದ್ದೆ. ದಾರಿಯ ಬದುಗಳಲ್ಲೆಲ್ಲ ಬೆಳೆಯುವ ಒಂದು ದರಿದ್ರ ಹುಲ್ಲು, ಬೆಕ್ಕಿನ ನಾಲಿಗೆಯ ಹಾಗೆ ಒರಟು. ಮುಟ್ಟಿದರೆ ಬಿಡುತ್ತಿರಲಿಲ್ಲ. ಮೇಷ್ಟ್ರ ಬರಿಗಾಲಿಗೆ, ಎತ್ತಿ ಕಟ್ಟಿದ ಪಂಚೆಗೆ ಅದು ಅಂಟಿದ್ದನ್ನು ನಾನು ಕಾಣೆ. ನಾಲ್ಕು ತಾಲ್ಲೂಕಿನ ನೆಲವನ್ನೆಲ್ಲ ಕಣ್ಣಿಟ್ಟು ನೋಡಿದ ಮನುಷ್ಯ ನನ್ನ ಸೀರೆಯ ಅಂಚನ್ನು ಒಂದು ಸಲವೂ ನೋಡಲಿಲ್ಲ.

ಎರಡನೆಯ ವರ್ಷದ ಕಾರ್ತಿಕದಲ್ಲಿ ಒಂದು ಭಾನುವಾರ ಬೆಳಿಗ್ಗೆ, ನಮ್ಮ ಮನೆಯ ಹಿತ್ತಲಲ್ಲಿ ಹಿಂದಿನ ದಿನದ ಸೀರೆಯನ್ನು ಒಗೆಯಲು ಹಾಕುವ ಮುಂಚೆ ಆ ತೆನೆಗಳನ್ನು ಕೀಳುತ್ತಿದ್ದೆ. ಒಂದು ಬೆರಳಿಗೇ ಕಚ್ಚಿಕೊಂಡಿತು. ಸಿಟ್ಟಿಗೆ ಅಂಗೈಯಲ್ಲಿಟ್ಟು ಬಲವಾಗಿ ಉಜ್ಜಿದೆ. ಊದಿದೆ. ಹೊಟ್ಟು ಹಾರಿತು. ಅಂಗೈಯ ಗೆರೆಯಲ್ಲಿ ನಾಲ್ಕು ಕಾಳು ಉಳಿದವು. ಲೆನ್ಸ್ ತಂದು ನೋಡಿದೆ. ಬೆನ್ನಿನ ಮೇಲೆ ಅಲೆಅಲೆಯ ಗೆರೆ.

ಸಿಪ್ಪೆಯೊಳಗಿದ್ದಾಗ ಕಳೆ, ಸಿಪ್ಪೆ ಬಿಡಿಸಿದರೆ ಕಾಳು. ಕಳೆಯನ್ನು ಕುಟ್ಟಿ ಸಿಪ್ಪೆ ಬಿಡಿಸುವವರು ಈಗ ಯಾರಿದ್ದಾರೆ? ಅದಕ್ಕೇ ಯಾವ ಹೆಂಗಸೂ ಗುರುತು ಹಿಡಿದಿರಲಿಲ್ಲ.

ಮೊದಲು ಕುಣಿದಾಡುವ ಹಾಗಾಯಿತು. ನಾಳೆ ಬೆಳಿಗ್ಗೆ ಕ್ಯಾಂಪಿಗೆ ಹೋದ ತಕ್ಷಣ ಹೇಳಬೇಕು. ಆಮೇಲೆ ಯೋಚನೆ ಬಂತು, ಹೇಳಿದ ಮೇಲೆ ಶನಿವಾರ ಎಲ್ಲಿಗೆ ಹೋಗುವುದು?

ಸೋಮವಾರ ಹೇಳಲಿಲ್ಲ. ಈ ಶನಿವಾರ ಒಂದು ಆಗಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಆ ಶನಿವಾರ ಮೇಲುಕೋಟೆಯ ಬೆಟ್ಟ ಕಾಣುವ ಒಂದು ಊರಿನಲ್ಲಿ ಮೇಷ್ಟ್ರು ಒನಕೆ ಹಿಡಿದು ಕುಟ್ಟಲು ಹೋಗಿ ಕಾಲಿಗೆ ಪೆಟ್ಟು ಮಾಡಿಕೊಂಡರು. ಹಿಂದಿರುಗುವಾಗ ಕುಂಟುತ್ತ ನನ್ನ ಪಕ್ಕದಲ್ಲೇ ನಡೆದರು, ಹತ್ತು ಹೆಜ್ಜೆ ಮುಂದೆ ಹೋಗಲಾಗದೆ. ಅಂಥದ್ದೊಂದು ದಿನ ಸಿಕ್ಕವಳು ಸೋಮವಾರ ಹೇಗೆ ಹೇಳಿಯಾಳು? ಇನ್ನೊಂದು ಶನಿವಾರ. ಇನ್ನೂ ಒಂದು. ಹೀಗೆ ಹನ್ನೆರಡು. ಊರೂರಿಗೆ ಹೋಗಿ ಸೀಸೆ ತೋರಿಸುತ್ತಿದ್ದೆವು, ಉತ್ತರ ನನ್ನ ಕಾಲ ಬಳಿ ಅಂಟಿಕೊಂಡು ಬರುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತ ಹುಡುಗಿ ನಾನು, ಸುಳ್ಳು ಹೇಳಿದರೆ ಕೆನ್ನೆ ಕೆಂಪಾಗುತ್ತಿತ್ತು. ಆದರೆ ಯಾರೂ ಕೇಳಲಿಲ್ಲವಲ್ಲ, ಹೇಳದೇ ಇದ್ದೆ, ಅಷ್ಟೇ ಅಂತ ಸಮಾಧಾನ ಮಾಡಿಕೊಂಡೆ.

ಸಂಕ್ರಾಂತಿಯ ಹೊತ್ತಿಗೆ ರಿಪೋರ್ಟು ಪ್ರೆಸ್ಸಿಗೆ ಹೋಗಬೇಕೆಂದು ಡೈರೆಕ್ಟರು ಹೇಳಿದ್ದರು. ಅವರ ಸಂಕ್ರಾಂತಿ ಯಾವಾಗಲೂ ಯುಗಾದಿಗೆ ಬರುತ್ತಿತ್ತು. ಈ ಸಲವೂ ಹಾಗೇ ಎಂದು ನಂಬಿಕೊಂಡಿದ್ದೆ.

ಶಿವರಾತ್ರಿಗೆ ಸ್ವಲ್ಪ ಮುಂಚೆ ನಾಗಮಂಗಲದಾಚೆ ಆರೇಳು ಮನೆಯ ಒಂದು ಪುಟ್ಟ ಊರಿಗೆ ಹೋದೆವು. ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದ ಮುದುಕಿ ಸೀಸೆಯನ್ನು ಕೈಗೆ ತೆಗೆದುಕೊಂಡು, ಬಿಸಿಲಿಗೆ ಹಿಡಿದು, "ಅಯ್ಯ, ಇದು ನಾ ಕೊಟ್ಟಿದ್ದಲ್ವಾ? ಆ ಕಂಡಕ್ಟ್ರು ಕೈಲಿ ಕಳ್ಸಿದ್ನಲ್ಲಪ್ಪ, ಯಾರೋ ಮೇಷ್ಟ್ರಿಗೆ ಬೇಕು ಅಂದ," ಅಂದಳು.

ಮೇಷ್ಟ್ರು ನೆಲದ ಮೇಲೆ ಕೂತುಬಿಟ್ಟರು. "ಇದೇನವ್ವ? ಯಾವ ಬೆಳೆ?"

"ಬೆಳೆ ಏನ್ ಬಂತು. ಹುಲ್ಲು. ವರ್ಸಕ್ಕೊಂದು ದಿನ ನಮ್ಮನೇಲಿ ಎತ್ತುಗೊಳ್ಗೆ ಬಿಡುವು. ಎತ್ತು ಮೈ ನೋಯಿಸ್ಕಂಡು ಬೆಳ್ದಿದ್ದುನ್ನ ಆವತ್ತು ಬಾಯಿಗೆ ಇಕ್ಕಕಿಲ್ಲ. ನಮ್ಮತ್ತೆ ಕಾಲದಿಂದ್ಲೂ ಅಂಗೇಯ. ಉಳದೆ ಬಿತ್ತದೆ ತಾನೇ ಹುಟ್ಟಿದ್ದ ಬಡ್ಕಂಬಂದು, ಕುಟ್ಟಿ, ಗಂಜಿ ಕಾಯಿಸ್ತೀವಿ."

"ಯಾವ ಹುಲ್ಲವ್ವ? ಎಲ್ಲದೆ? ತೋರ್ಸವ್ವ."

ಮುದುಕಿ ಅವರನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದಳು. "ಅಲ್ಲಿ ಇಲ್ಲಿ ಏನ್ ತೋರ್ಸನಪ್ಪ. ಈವಮ್ಮನ ಸೀರೇಲೇ ಅದಲ್ಲ!"

ಬಗ್ಗಿ ನನ್ನ ಸೀರೆಯಂಚಿನಿಂದ ಒಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಊದಿ, ಮೇಷ್ಟ್ರ ಕೈಗೆ ಸುರಿದಳು. ಅವರು ಲೆನ್ಸಿನಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಗಲು ಶುರುಮಾಡಿದರು, ಕಣ್ಣಲ್ಲಿ ನೀರು ಬರುವ ಹಾಗೆ.

"ಎರಡು ವರ್ಸ ಮಿಸ್ಸಮ್ಮ! ಎರಡು ವರ್ಸ ನಮ್ ಜೊತೇಲೇ ಟಿಕೇಟಿಲ್ದಂಗೆ ಬಸ್ಸಲ್ಲಿ ಓಡಾಡ್ಬುಡ್ತಲ್ಲ ಇದು!"

ನಾನೂ ಆಶ್ಚರ್ಯಪಟ್ಟೆ. ಬಾಯಿಗೆ ಕೈಯಿಟ್ಟುಕೊಂಡೆ. ಸ್ಕೂಲ್ ಡ್ರಾಮಾದಲ್ಲಿ ನನಗೆ ಎರಡು ಸಲ ಪ್ರೈಜ್ ಬಂದಿತ್ತು.

ಆ ಸಂಜೆ ಬಸ್ಸಿನಲ್ಲಿ ಮೇಷ್ಟ್ರು ಮಗುವಿನ ಹಾಗೆ ಮಾತಾಡಿದರು. ನಾವು ತುಳಿದುಕೊಂಡು ಓಡಾಡುವ ಈ ಕಳೆಯನ್ನು ಆ ಜನ ಬಡಿದು, ಕುಟ್ಟಿ, ಮಕ್ಕಳಿಗೆ ಉಣಿಸಿದ್ದಾರೆ. ಗುಡ್ಡದ ಕೆಳಗಿನ ಬಯಲೆಲ್ಲ ಇದೇ ತೆನೆ ತೂಗುತ್ತಿದ್ದಿರಬೇಕು, ನೋಡಿ ಅಂದರು. ಕಿಟಕಿಯಾಚೆ ನಾಲೆಯ ನೀರು, ಕಬ್ಬು, ಗದ್ದೆ. ಅವರ ಜೊತೆ ನೋಡಿದರೆ ಅವು ಯಾವುವೂ ಇಲ್ಲದ ನೆಲ ಕಾಣಿಸುತ್ತಿತ್ತು.

ಸೋಮವಾರ ಡೈರೆಕ್ಟರ ಮುಂದೆ ಹೋಗಿ ನಿಂತರು. ರಿಪೋರ್ಟು ಸಂಕ್ರಾಂತಿಗೇ ಪ್ರೆಸ್ಸಿಗೆ ಹೋಗಿ ಅಚ್ಚಾಗಿತ್ತು. ಮೇಷ್ಟ್ರ ಅಧ್ಯಾಯಕ್ಕೆ ಅರ್ಥವಿಲ್ಲವೆಂದು ತೆಗೆದು, ಒಂದೇ ಸಾಲು ಹಾಕಿದ್ದರು: ಗುರುತಿಸಲಾಗದ ಹುಲ್ಲಿನ ಬೀಜ ಹೇರಳವಾಗಿ ದೊರೆತಿದೆ. ಕೆಳಗೆ ಚಿತ್ರ. ಚಿತ್ರ ಬರೆದವಳೆಂದು ನನ್ನ ಹೆಸರು ಇತ್ತು. ಅವರದು ಎಲ್ಲೂ ಇರಲಿಲ್ಲ.

"ಒಂದೆಲ್ಡು ತಿಂಗ್ಳು ಮುಂಚೆ ಸಿಕ್ಕಿದ್ರೆ ಆಗ್ತಿತ್ತು," ಅಂದರು ಮೇಷ್ಟ್ರು ಹೊರಗೆ ಬಂದು. ಮತ್ತೆ ಆ ಮಾತನ್ನು ಎಂದೂ ಆಡಲಿಲ್ಲ. ನಾಲ್ಕು ಪುಟ ಟೈಪ್ ಮಾಡಿಸಿ, ಪ್ರತಿ ತೆಗೆಸಿ, ಗೊತ್ತಿದ್ದವರಿಗೆಲ್ಲ ಅಂಚೆಗೆ ಹಾಕಿದರು. ಹೈಸ್ಕೂಲ್ ಮೇಷ್ಟ್ರ ಕಾಗದವನ್ನು ಯಾರು ಓದುತ್ತಾರೆ? ಅಗೆತ ಮುಗಿಯಿತು, ಅವರು ಸ್ಕೂಲಿಗೆ ವಾಪಸು ಹೋದರು. ಎಷ್ಟೋ ವರ್ಷದ ಮೇಲೆ, ಹಿಂದಿನ ಜನ ಇಂಥ ಹುಲ್ಲಿನ ಕಾಳನ್ನೂ ಉಣ್ಣುತ್ತಿದ್ದರೆಂದು ಬೇರೆ ಯಾರೋ ಕಂಡುಹಿಡಿದದ್ದನ್ನು ಪೇಪರಿನಲ್ಲಿ ಓದಿದೆ. ಹಾಗೆ ಕಂಡುಹಿಡಿದವರದೇನೂ ತಪ್ಪಿಲ್ಲ. ಅವರು ಕಂಡರು, ಕಂಡ ದಿನವೇ ಹೇಳಿದರು.

ನಾನು ಮದುವೆಯಾದೆ, ಮೈಸೂರಿಗೆ ಹೋದೆ. ಒಳ್ಳೆಯ ಗಂಡ, ಒಳ್ಳೆಯ ಮನೆ, ಐ ಹ್ಯಾವ್ ನೋ ಕಂಪ್ಲೇಂಟ್ಸ್. ಪ್ರತಿ ಯುಗಾದಿಗೆ ಮೇಷ್ಟ್ರಿಂದ ಒಂದು ಕಾರ್ಡು ಬರುತ್ತಿತ್ತು. ಆ ವರ್ಷ ಯಾವ ಹುಲ್ಲು ಹೊಸದಾಗಿ ಕಾಣಿಸಿತು, ಯಾವುದು ಕಾಣಿಸಲಿಲ್ಲ ಎಂಬ ಪಟ್ಟಿ. ಕೊನೆಯಲ್ಲಿ 'ಮನೆಯಲ್ಲಿ ಎಲ್ಲರನ್ನೂ ಕೇಳಿದ್ದೇನೆ' ಎಂಬ ಒಂದೇ ಸಾಲು. ಆ ಕಾರ್ಡುಗಳನ್ನು ನಾನು ನೀಟಾಗಿ ಜೋಡಿಸಲಿಲ್ಲ, ಫೈಲು ಮಾಡಲಿಲ್ಲ. ಬಂದ ಹಾಗೇ ಒಂದು ಡಬ್ಬಿಯಲ್ಲಿ ಬಿದ್ದಿವೆ.

ಅವರನ್ನು ಕೊನೆಗೆ ನೋಡಿದ್ದು ಎರಡು ವರ್ಷದ ಹಿಂದೆ. ಮಾಕವಳ್ಳಿಯ ಹತ್ತಿರದ ಅವರ ಊರಿಗೆ ಕೆ.ಆರ್. ಪೇಟೆಯಿಂದ ಆಟೋ ಮಾಡಿಕೊಂಡು ಹೋದೆ. ಕಬ್ಬು ಕಡಿಯುವ ಕಾಲ. ಫ್ಯಾಕ್ಟರಿಗೆ ಹೋಗುವ ಟ್ರಾಕ್ಟರುಗಳು ರಸ್ತೆ ಬಿಡುತ್ತಿರಲಿಲ್ಲ; ಊರಿನ ಹೊರಗೇ ಇಳಿದು ಬದುವಿನ ಮೇಲೆ ನಡೆದೆ. ಮೇಷ್ಟ್ರು ಜಗಲಿಯ ಮೇಲೆ ಕುರ್ಚಿಯಲ್ಲಿದ್ದರು. ಪಂಚೆ ಈಗ ಪಾದದವರೆಗೂ ಇಳಿದಿತ್ತು. ಕಿವಿ ಮಂದವಾಗಿತ್ತು, ಕಣ್ಣು ಮಾತ್ರ ಹಾಗೇ.

"ಬನ್ರವ್ವ, ಕುಂತ್ಕಳಿ," ಅಂದರು ಅವರ ಹೆಂಡತಿ. "ದಿನಾ ನಿಮ್ ಕಾಲದ್ದೇ ಯೋಳ್ತಾರೆ. ರೊಟ್ಟಿ ಕಟ್ಟಿ ಕೊಟ್ಟೋಳು ನಾನು, ಅದ ಒಂದಿನಾನೂ ಯೋಳಕಿಲ್ಲ."

ಆಕೆ ಕಾಫಿ ತರಲು ಒಳಗೆ ಹೋದಾಗ ನಾನು ಹೇಳಿಬಿಟ್ಟೆ. ಆಕೆ ಬರುವಷ್ಟರಲ್ಲಿ ಮುಗಿಸಬೇಕೆಂದು ಬೇಗಬೇಗ, ಅವರಿಗೆ ಕೇಳಿಸಲೆಂದು ಗಟ್ಟಿಯಾಗಿ. ಕಾರ್ತಿಕದ ಭಾನುವಾರ, ಹಿತ್ತಲು, ಅಂಗೈ, ಹನ್ನೆರಡು ಶನಿವಾರ. "ನಾನು ಆವತ್ತೇ ಹೇಳಿದ್ದರೆ ನಿಮ್ಮ ಹೆಸರು ಬರುತ್ತಿತ್ತು ಮೇಷ್ಟ್ರೇ." ಯಾಕೆ ಹೇಳಲಿಲ್ಲ ಎನ್ನುವುದನ್ನು ಮಾತ್ರ ಹೇಳಲಾಗಲಿಲ್ಲ. ಅವರೂ ಕೇಳಲಿಲ್ಲ.

ಅವರು ನೆಲ ನೋಡುತ್ತ ಕೂತಿದ್ದರು. ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡು ನಿಧಾನವಾಗಿ ಬಗ್ಗಿದರು. ಬಿದ್ದಾರೆಂದು ನಾನು ಕೈ ಚಾಚಿದೆ. ಅವರು ನನ್ನ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಬದುವಿನಿಂದ ಅಂಟಿಕೊಂಡು ಬಂದಿದ್ದ ಒಂದು ತೆನೆಯನ್ನು ಕಿತ್ತರು. ನೂಲು ಎಳೆಯದ ಹಾಗೆ, ಒಂದೊಂದು ಮುಳ್ಳಾಗಿ ಬಿಡಿಸಿ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಉಳಿದಿದ್ದ ಕಡ್ಡಿಗಳನ್ನು ಜಗಲಿಯ ಮೇಲೆ ಸುರಿದು, ಅದರೊಳಗಿಟ್ಟು ಮುಚ್ಚಿದರು. ಅಭ್ಯಾಸಬಲದಿಂದ ಕಿವಿಯ ಹತ್ತಿರ ಅಲ್ಲಾಡಿಸಿದರು. ನನ್ನ ಕಿವಿಯ ಹತ್ತಿರವೂ ಅಲ್ಲಾಡಿಸಿದರು.

"ಏನೂ ಕೇಳಿಸ್ತಿಲ್ಲ," ಅಂದೆ.

"ಸಿಪ್ಪೆ ಒಳಗದಲ್ಲ, ಅದ್ಕೆ."

ಪೊಟ್ಟಣದ ಮೇಲೆ ಏನೋ ಬರೆಯಲು ಪೆನ್ನು ತೆಗೆದರು. ಬರೆಯದೆ ಮತ್ತೆ ಜೇಬಿಗೆ ಹಾಕಿಕೊಂಡರು. ಪೊಟ್ಟಣವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು.

"ಹುಳ ಬೀಳ್ದಂಗೆ ನೋಡ್ಕಳಿ ಮಿಸ್ಸಮ್ಮ," ಅಂದರು. "ಓವನ್ನಿಗೆ ಮಾತ್ರ ಇಕ್ಕಬ್ಯಾಡಿ."

ಕಾಫಿ ಕುಡಿದು ಹೊರಟೆ. ಬದುವಿನ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದೆ. ಮೇಷ್ಟ್ರು ನಾನು ಹೋದ ದಾರಿಯ ಕಡೆ ನೋಡುತ್ತಿರಲಿಲ್ಲ. ಜಗಲಿಯ ಮೇಲೆ ಸುರಿದಿದ್ದ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ, ಹಾಕಲು ಪೊಟ್ಟಣವಿಲ್ಲದೆ, ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.